ಒಗ್ಗದ್ದು ಕೇಕು ಮಾತ್ರ

ಗುರುವಾರ, ಫೆಬ್ರವರಿ ೧೯

ಹಾಸ್ಟೆಲಿನಲ್ಲಿ ನನ್ನ ಕೋಣೆಯ ಗೆಳತಿಗೆ ಇಂದು ಹದಿನೇಳು ತುಂಬಿತು. ಸಂಜೆ ತಾರಸಿಯ ಮೇಲೆ ಎಲ್ಲರೂ ಸೇರಿ ಕೇಕು ಕತ್ತರಿಸಿದರಂತೆ. ನನಗೆ ತಿಳಿದದ್ದು ಅವಳು ಕೆನ್ನೆಗೆಲ್ಲ ಕೆನೆ ಮೆತ್ತಿಕೊಂಡು ಬಂದಾಗ.

"ಬೇಜಾರು ಮಾಡ್ಕೋಬೇಡ ಕಣೇ ಕಡ್ಡಿ. ನಿನಗೆ ಒಗ್ಗಲ್ಲ ಅಲ್ವಾ, ಅದಕ್ಕೇ ಕರೀಲಿಲ್ಲ. ಸುಮ್ನೆ ನಿನ್ನ ಹೊಟ್ಟೆ ಉರಿಸೋದ್ಯಾಕೆ ಅಂತ."

ಪಾಪ, ಕಾಳಜಿಯಿಂದಲೇ ಹೇಳಿದಳು. ಹಾಲು, ಮೊಟ್ಟೆ, ಕಡಲೆಬೀಜ ನನ್ನ ಮೈಗೆ ಆಗುವುದಿಲ್ಲ. ತಿಂದರೆ ತುಟಿ ಊದಿ ಉಸಿರು ಕಟ್ಟುತ್ತದೆ. ತೂಕ ಹೆಚ್ಚಬೇಕು ಎನ್ನುವ ಡಾಕ್ಟರೇ ತೂಕ ಹೆಚ್ಚಿಸುವ ತಿನಿಸನ್ನೆಲ್ಲ ಬಿಡಿಸಿದ್ದಾರೆ. ನನ್ನಲ್ಲಿ ದಪ್ಪಗಾಗಬಲ್ಲದ್ದು ತುಟಿಯೊಂದೇ. ಅದಕ್ಕೇ ಎಲ್ಲರ ಬಾಯಲ್ಲೂ ನಾನು ಕಡ್ಡಿ.

ನನಗೆ ಒಗ್ಗದ್ದು ಕೇಕು, ನೀವಲ್ಲ ಎಂದು ಕಡ್ಡಿ ಮುರಿದಂತೆ ಹೇಳಬೇಕಿತ್ತು. ಈ ಕಡ್ಡಿ ಮುರಿಯಲಿಲ್ಲ, ಬಾಗಿತು. "ಹೊಟ್ಟೆ ಅಂತ ಒಂದಿದ್ರೆ ತಾನೇ ಉರಿಯೋದು!" ಎಂದೆ.

ಅವಳು ಬಿದ್ದು ಬಿದ್ದು ನಕ್ಕಳು. "ಅಯ್ಯೋ, ಈ ಜೋಕು ಅಲ್ಲಿರಬೇಕಿತ್ತು ಕಣೇ! ಎಲ್ರೂ ಬರೀ ಬೋರು ಹೊಡೆಸಿದ್ರು."

ಜೋಕು ಇರಬೇಕಿತ್ತಂತೆ. ನಾನಿಲ್ಲದೆ ಅದೊಂದೇ ಮೆಟ್ಟಿಲು ಹತ್ತಿ ಹೋಗುವುದಾದರೂ ಹೇಗೆ?

ಕೇಳೋಣವೆಂದರೆ, ಅವಳಾಗಲೇ ಸೋಪು ಹಾಕಿ ಮುಖ, ಕೈ ತಿಕ್ಕಿ ತೊಳೆಯುತ್ತಿದ್ದಳು. ಕೆನೆಯ ಕೈಯಲ್ಲಿ ನನ್ನ ಮಂಚ ಮುಟ್ಟಬಾರದೆಂದು. ಇಂಥವಳ ಮೇಲೆ ಮುನಿಸಿಕೊಳ್ಳಲೂ ಬರುವುದಿಲ್ಲ. ಈಗ ಗೋಡೆಯ ಕಡೆ ತಿರುಗಿ ಮಲಗಿದ್ದಾಳೆ.

ಸುಮ್ಮನೆ ಕರೆದಿದ್ದರೆ ಸಾಕಿತ್ತು. ನೀರಿನ ಲೋಟ ಹಿಡಿದು ಒಂದು ಮೂಲೆಯಲ್ಲಿ ನಿಂತು, ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದೆ.