ನೀನೊಬ್ಬಳು ನಗಲಿಲ್ಲ

ಬುಧಗಾಂವ
ಭಾನುವಾರ

ಧನಶ್ರೀ,

ನಿನ್ನ ಮಾವ ಭರಮಣ್ಣ ಮಾಡುವ ಆಶೀರ್ವಾದ. ನಾಳೆ ಬೆಳಿಗ್ಗೆ ನೀನು ಮಿರಜ ಸ್ಟೇಷನ್ನಿನಿಂದ ಉಗಾರಕ್ಕೆ, ನಿನ್ನ ತವರಿಗೆ ಹೊರಡುವವಳು. ಹಡೆದು, ಕೂಸಿನ ಕತ್ತು ನಿಂತ ಮೇಲೆಯೇ ತಿರುಗಿ ಬರುವುದು. ಅದಕ್ಕೆ ಮುಂಚೆ ನಿನಗೊಂದಿಷ್ಟು ಹೇಳುವುದಿದೆ. ಎದುರಿಗೆ ನಿಂತು ಹೇಳಲು ಹೋದರೆ ಬಾಯಿಂದ ಏನು ಹೊರಬೀಳುತ್ತದೋ ನನಗೇ ಭರವಸೆಯಿಲ್ಲ. ಬರೆಯುವಾಗ ತಪ್ಪು ಶಬ್ದ ಬಂದರೆ ಕಾಟು ಹೊಡೆದು ಸರಿಯಾದದ್ದು ಸಿಗುವ ತನಕ ಕಾಯಬಹುದು. ಎಡಗೈಯಿಂದ, ದಿನಕ್ಕಿಷ್ಟು ಅಂತ ಬರೆಯುತ್ತ ಬಂದಿದ್ದೇನೆ. ಇವತ್ತು ಮುಗಿಸಲೇಬೇಕು. ಈ ಮನೆಯಲ್ಲಿ ಕನ್ನಡ ಓದಲು ಬರುವವಳು ನೀನೊಬ್ಬಳೇ. ಧೀರಜ ಮರಾಠಿ ಶಾಲೆಯಲ್ಲಿ ಕಲಿತವನು, ನಿನ್ನ ಅತ್ತೆ ತುಳಸವ್ವನಿಗೆ ಅಕ್ಷರವೇ ಬಾರದು. ಆಸ್ಪತ್ರೆಯಿಂದ ಬಂದ ಮೇಲೆ ನನಗೂ ಮರಾಠಿ ಎಲ್ಲೋ ಕಳೆದುಹೋಗಿದೆ. ಲಿಂಗನೂರಲ್ಲಿ ಚಿಕ್ಕವನಿದ್ದಾಗ ಕಲಿತ ಕನ್ನಡ ಮಾತ್ರ ಉಳಿದಿದೆ.

ಸಾಂಗ್ಲಿಯ ನನ್ನ ಟೇಲರ್ ಅಂಗಡಿಯಲ್ಲಿ ಆ ಆಟ ಎಂದು ಶುರುವಾಯಿತೋ ನೆನಪಿಲ್ಲ. ಪಕ್ಕದಲ್ಲಿ ಬೆಲ್ಲ, ಅರಿಶಿಣ ಮಾರುವ ಧನ್ಯಕುಮಾರ ಮತ್ತು ನಾನು ಸೇರಿ ಹುಟ್ಟಿಸಿದ್ದು. ಹೊಸ ಗಿರಾಕಿ ಅಳತೆ ಕೊಡಲು ಬಂದು ನಿಂತನೆಂದರೆ ನಾನು ಟೇಪು ಹಿಡಿದುಕೊಂಡೇ ಸುರು ಮಾಡುತ್ತಿದ್ದೆ. “ಒಂದ್ ಎಮ್ಮಿ ನಮ್ಮ ಅಂಗಡಿಗೆ ಬಂತ್ರಿ. ಪ್ಯಾಂಟ್ ಹೊಲದ ಕೊಡು ಅಂತು. ಎರಡ ಕಾಲಿಂದೋ, ನಾಕ ಕಾಲಿಂದೋ ಅಂತ ಕೇಳಿದ್ನಿ. ಎಮ್ಮಿ ಏನಂತು ಗೊತ್ತೈತೇನ್ರಿ? ಮಾವಶಿ, ಬುಧವಾರ ಬದನಿಕಾಯಿ!” ಇಷ್ಟೇ. ಇದಕ್ಕೆ ಹಿಂದಿಲ್ಲ, ಮುಂದಿಲ್ಲ. ಆದರೆ ಧನ್ಯಕುಮಾರ ಗಲ್ಲೆಯ ಮೇಲೆ ಬಿದ್ದು ಬಿದ್ದು ನಗುತ್ತಿದ್ದ, ಅಂಗಡಿಯ ಕೆಲಸದವರು ಮಷೀನು ನಿಲ್ಲಿಸಿ ಹೊಟ್ಟೆ ಹಿಡಿದುಕೊಳ್ಳುತ್ತಿದ್ದರು. ಪಾಪ, ಗಿರಾಕಿ ಒಬ್ಬೊಬ್ಬರ ಮುಖ ನೋಡುತ್ತಿದ್ದ. ತನಗೊಬ್ಬನಿಗೇ ತಿಳಿಯಲಿಲ್ಲವೇನೋ ಅನ್ನುವ ಅಂಜಿಕೆಯಿಂದ ಕಡೆಗೆ ತಾನೂ ನಗುತ್ತಿದ್ದ. ನಕ್ಕ ಕೂಡಲೇ ನಾವು ಹಿಡಿಯುತ್ತಿದ್ದೆವು: “ಹೌದು, ಏನ್ ತಿಳೀತು ನಿಮಗ?” ಮತ್ತೆ ನಗೆ. ದೊಡ್ಡ ದೊಡ್ಡ ಆಫೀಸರುಗಳೂ ಸಿಕ್ಕಿಬಿದ್ದಿದ್ದಾರೆ. ಮನೆಯಲ್ಲೂ ಎಲ್ಲರಿಗೂ ಅದು ರೂಢಿಯಾಗಿತ್ತು. ನಾನು ಅಡ್ಡಾದಿಡ್ಡಿ ಏನಾದರೂ ಅಂದೆನೆಂದರೆ ನಗಬೇಕು, ಅಷ್ಟೇ.

ನೀನು ಸೊಸೆಯಾಗಿ ಬಂದ ಹೊಸತರಲ್ಲಿ ಒಂದು ಮಧ್ಯಾಹ್ನ ಊಟಕ್ಕೆ ಕುಳಿತಾಗ ನಾನು ಅದೇ ಎಮ್ಮೆಯ ಕಥೆ ಹೇಳಿದೆ. ಎಲ್ಲರೂ ನಕ್ಕು ನಿನ್ನ ಕಡೆ ನೋಡಿದರು. ನೀನು ಭಕ್ರಿ ಬಡಿಸುವುದನ್ನು ನಿಲ್ಲಿಸಿ, “ನನಗ ತಿಳೀಲಿಲ್ಲರಿ ಮಾಂವಾರ, ಇನ್ನೊಮ್ಮೆ ಹೇಳ್ರಿ” ಅಂದೆ. ನಾನು ಇನ್ನೊಮ್ಮೆ ಹೇಳಿದೆ. ಇನ್ನೂ ಜೋರಾಗಿ ನಕ್ಕರು. ನೀನು “ಈಗೂ ತಿಳೀಲಿಲ್ಲರಿ” ಅಂದೆ. ಸೊಕ್ಕಿನಿಂದಲ್ಲ, ಕುಚೋದ್ಯದಿಂದಲೂ ಅಲ್ಲ. ನಿಜವಾಗಿ ತಿಳಿದುಕೊಳ್ಳಬೇಕು ಅನ್ನುವ ಹಾಗೆ ನನ್ನ ಮುಖವನ್ನೇ ನೋಡುತ್ತಿದ್ದೆ. ನಗೆ ಅಲ್ಲಿಗೇ ಆರಿಹೋಯಿತು. ಧೀರಜ ಕೆಮ್ಮಿದ. ಆಮೇಲೆ ನೀನಿದ್ದಲ್ಲಿ ನನಗೆ ಕಥೆ ಹೇಳಲು ಬಾಯಿ ಬರುತ್ತಿರಲಿಲ್ಲ. ನಮ್ಮಿಬ್ಬರ ನಡುವೆ ಚಹಾ, ಊಟ, ಔಷಧ, ಇಷ್ಟೇ ಮಾತು ಉಳಿದವು.

ಇನ್ನು ಬಸುರಿಯಾದ ನಿನಗೆ ಉಡಿ ತುಂಬಿದ ಕುಬಸದ ದಿನ. ಆ ದಿನ ನೀನು ನನ್ನನ್ನು ಹೊರಗಿನಿಂದ ನೋಡಿದೆ. ಒಳಗೆ ಏನಾಯಿತು ಅನ್ನುವುದನ್ನು ನಾನು ಇಲ್ಲಿಯ ತನಕ ಯಾರಿಗೂ ಹೇಳಿಲ್ಲ.

ಮನೆ ತುಂಬ ಮಂದಿ. ನೀನು ಹಸಿರು ಸೀರೆ ಉಟ್ಟು, ಮೊಣಕೈ ತನಕ ಹಸಿರು ಬಳೆ ತೊಟ್ಟು ಕುರ್ಚಿಯ ಮೇಲೆ ಕುಳಿತಿದ್ದೆ. ನನ್ನ ಅಕ್ಕ ಬೀರವ್ವ ನಿನ್ನ ಉಡಿಯಲ್ಲಿ ಅಕ್ಕಿ, ಕೊಬ್ಬರಿ, ಉತ್ತತ್ತಿ ಹಾಕುತ್ತಿದ್ದಳು. ನಾನು ಬಾಗಿಲ ಹತ್ತಿರ ಗಂಡಸರ ನಡುವೆ ಚಹಾ ಕುಡಿಯುತ್ತಿದ್ದೆ. ಬಲಗೈ ಬೆರಳು ಜುಮು ಜುಮು ಅಂದವು. ಕಪ್ಪು ಜಾರಿ ಚಹಾ ತೊಡೆಯ ಮೇಲೆ ಚೆಲ್ಲಿತು. ಆಗ ತಾನೇ ಒಲೆಯಿಂದ ಇಳಿಸಿದ ಚಹಾ, ಆದರೆ ಸುಡಲಿಲ್ಲ. ಸುಡಲಿಲ್ಲವಲ್ಲ ಅಂತ ಎಡಗೈಯಿಂದ ತೊಡೆ ಮುಟ್ಟಿ ನೋಡಿಕೊಂಡೆ.

ಕೈ ಯಾಕೋ ಹಿಡಿಯುತ್ತಿಲ್ಲ ಅಂತ ಹೇಳಬೇಕೆಂದುಕೊಂಡೆ. ತಲೆಯಲ್ಲಿ ಮಾತು ಸ್ವಚ್ಛವಾಗಿತ್ತು, ಧನಶ್ರೀ. ಬಾಯಿಂದ ಬಂದದ್ದು ಬೇರೆ: “ಕಿಡಕಿ ಉಣ್ಣವಲ್ದು.”

“ಸುರು ಆತು ನೋಡ್ರಿ ಭರಮಣ್ಣಂದು!” ಅಂತ ಧನ್ಯಕುಮಾರ ತೊಡೆ ತಟ್ಟಿ ನಕ್ಕ. ಅಲ್ಲ, ಇದು ಮಸ್ಕರಿ ಅಲ್ಲ ಅನ್ನಲು ಹೋದೆ. “ಹಸರ ಗಾಲಿ, ಹಸರ ಗಾಲಿ” ಅಂದೆ. ನನ್ನ ದನಿ ನನ್ನ ಕಿವಿಗೇ ಬೀಳುತ್ತಿತ್ತು, ತಪ್ಪೆಂದು ಗೊತ್ತಾಗುತ್ತಿತ್ತು, ಆದರೆ ನಾಲಿಗೆ ನನ್ನ ಮಾತು ಕೇಳುತ್ತಿರಲಿಲ್ಲ. ಮಂದಿ ಒಬ್ಬರನ್ನೊಬ್ಬರು ನೋಡಿಕೊಂಡು ನಗುತ್ತಿದ್ದರು. ಧೀರಜ ನಗುತ್ತಲೇ ಮೊಬೈಲ್ ತೆಗೆದು ನನ್ನನ್ನು ಶೂಟಿಂಗ್ ಮಾಡತೊಡಗಿದ. ನಾನು ಅವನ ಕಡೆ ಎಡಗೈ ಚಾಚಿದೆ, ಮಗನೇ ಹಿಡಿದುಕೋ ಅಂತ. ಅವನು ಮೊಬೈಲನ್ನು ಇನ್ನೂ ಹತ್ತಿರ ತಂದ. ತುಂಬಿದ ಮನೆಯಲ್ಲಿ, ನನ್ನದೇ ಜನರ ನಡುವೆ, ನಾನು ಬಾವಿಯೊಳಗೆ ಬಿದ್ದವನ ಹಾಗೆ ಕೂಗುತ್ತಿದ್ದೆ. ಮೇಲೆ ನಿಂತವರು ಕೂಗು ಕೇಳಿ ಚಪ್ಪಾಳೆ ಹೊಡೆಯುತ್ತಿದ್ದರು. ಇಲ್ಲೇ ಸತ್ತರೂ ಇವರ ನಗೆ ನಿಲ್ಲುವುದಿಲ್ಲ ಅನ್ನಿಸಿತು.

ಆಗ ನಿನ್ನನ್ನು ನೋಡಿದೆ. ನೀನು ಮಂದಿಯ ಕಡೆ ನೋಡುತ್ತಿರಲಿಲ್ಲ, ನನ್ನ ಬಾಯಿಯ ಕಡೆ ನೋಡುತ್ತಿದ್ದೆ. ಸಟಕ್ಕನೆ ಎದ್ದೆ. ಉಡಿಯಲ್ಲಿದ್ದ ಅಕ್ಕಿ, ಕೊಬ್ಬರಿ ಎಲ್ಲ ನೆಲಕ್ಕೆ ಚೆಲ್ಲಿದವು. “ಅಯ್ಯ, ಉಡಿ ಚೆಲ್ಲಿದೆಲ್ಲೇ! ಕುಂದರ, ಏಳಬಾರದು!” ಅಂತ ಬೀರವ್ವ ಚೀರಿದಳು. ನೀನು ಅವಳ ಕೈ ಬಿಡಿಸಿಕೊಂಡು ಬಂದು ನನ್ನ ಮುಂದೆ ಕುಳಿತು, “ಮಾಂವಾರ, ನನ್ನ ಕೈ ಹಿಚುಕ್ರಿ” ಅಂದೆ. ಬಲಗೈಗೆ ಬಲವಿರಲಿಲ್ಲ. ನೀನು ಮಂದಿಯ ಕಡೆ ತಿರುಗಿ ಅಂದೆ: “ಮಾಂವಾರು ಚಾಷ್ಟಿ ಮಾಡಾಕತ್ತಿಲ್ಲರಿ. ಬಾಯಿ ಒಂದ್ ಕಡೆ ಜೋತೈತಿ, ನೋಡ್ರಿ. ಗಾಡಿ ತಗೀರಿ.”

ಧೀರಜ ಅಂದ: “ಏ, ನೀ ಕುಂದರ. ಅಪ್ಪಾ ಯಾವಾಗ್ಲೂ ಹಂಗ. ಇಷ್ಟ್ ಮಂದಿಯೊಳಗ ಯಾಕ್ ಗದ್ದಲಾ ಮಾಡ್ತಿ?” ನೀನು ಗಂಡನ ಮುಂದೆ ದನಿ ಎತ್ತಿದ್ದನ್ನು ಅಂದೇ ಮೊದಲು ಕೇಳಿದೆ. “ಮಸ್ಕರಿ ಇದ್ರ ಆಮ್ಯಾಲ ಎಲ್ಲಾರೂ ಕೂಡಿ ನನ್ನ ನೋಡಿ ನಗ್ರಿ. ಈಗ ಗಾಡಿ ತಗೀರಿ!”

ಧನ್ಯಕುಮಾರನ ವ್ಯಾನಿನಲ್ಲಿ ಹಿಂದಿನ ಸೀಟಿನಲ್ಲಿ ನನ್ನನ್ನು ಮಲಗಿಸಿದರು. ಏಳು ತಿಂಗಳ ಬಸುರಿ ನೀನು, ಕೆಳಗೆ ಕುಳಿತು ನನ್ನ ತಲೆ ಹಿಡಿದುಕೊಂಡೆ. ಸೇತುವೆಯ ಕೆಲಸವೆಂದು ನೇರ ದಾರಿ ಮುಚ್ಚಿದ್ದರು, ಗಲ್ಲಿ ಗಲ್ಲಿ ಬಳಸಿ ಹೋಗಬೇಕಾಯಿತು. ಸಾಂಗ್ಲಿ ದಾಟುವಾಗ ಧನ್ಯಕುಮಾರ ಕನ್ನಡಿಯಲ್ಲಿ ನೋಡಿ, “ಭರಮಣ್ಣಾ, ಸಾಕ್ ಮಾಡೋ ಮಾರಾಯಾ, ಹುಡುಗಿ ಅಂಜೇತಿ” ಅಂದ. ಅವನಿಗೆ ಆಗಲೂ ಅರ್ಧ ಅನುಮಾನ. ನಾನು ಉತ್ತರ ಕೊಟ್ಟೆ, ಏನೆಂದೆನೋ ದೇವರಿಗೇ ಗೊತ್ತು. ಅವನು ನಗಲಿಲ್ಲ. ಆಮೇಲೆ ಹಾರ್ನ್ ಮೇಲಿನ ಕೈ ತೆಗೆಯಲೇ ಇಲ್ಲ. ವಿಶ್ರಾಮಬಾಗದ ಸಿಗ್ನಲ್ಲಿನಲ್ಲಿ ಬಸ್ಸಿನ ಹಿಂದೆ ಸಿಕ್ಕಿಕೊಂಡೆವು. ನನ್ನ ಕಣ್ಣು ಮುಚ್ಚಿ ಮುಚ್ಚಿ ಹೋಗುತ್ತಿತ್ತು. ನೀನು ಬಿಡಲಿಲ್ಲ, ಕೆನ್ನೆ ತಟ್ಟಿ ತಟ್ಟಿ ಎಬ್ಬಿಸಿದೆ.

ಮಿರಜದ ಆಸ್ಪತ್ರೆಯಲ್ಲಿ ಡಾಕ್ಟರರು ಮೊದಲು ಕೇಳಿದ್ದು, ಯಾವಾಗಿನಿಂದ ಹೀಗೆ ಅಂತ. ನೀನು, “ಚಾ ಕಪ್ಪು ಬೀಳೂ ಮುಂಚೆ ಸರಿ ಇದ್ರು, ಬಿದ್ದ ಮ್ಯಾಲೆ ಇಲ್ಲ. ಕಪ್ಪು ಬಿದ್ದು ಒಂದ್ ತಾಸ ಆಗೇತ್ರಿ” ಅಂದೆ. ಮೆದುಳಿನ ನರದಲ್ಲಿ ರಕ್ತ ಹೆಪ್ಪುಗಟ್ಟಿದೆ, ಇಂಜೆಕ್ಷನ್ ಕೊಡಲು ಇನ್ನೂ ವೇಳೆ ಇದೆ ಅಂದರಂತೆ. ಅದು ನಾನು ಕೇಳಿದ್ದಲ್ಲ, ಆಮೇಲೆ ಧನ್ಯಕುಮಾರ ಅಳುತ್ತ ಹೇಳಿದ್ದು.

ಆ ಮೇಲಿನದು ನಿನಗೆ ಗೊತ್ತೇ ಇದೆ, ಆದರೂ ನನಗೆ ಕಂಡ ಹಾಗೆ ಹೇಳುತ್ತೇನೆ. ಮನೆಗೆ ಬಂದ ಮೇಲೆ ನನ್ನ ಮಾತಿಗೆ ಯಾರೂ ನಗುತ್ತಿರಲಿಲ್ಲ. ಅದಕ್ಕಿಂತ ಕೆಟ್ಟದ್ದು ನಡೆಯಿತು: ಎಲ್ಲರೂ ಗೋಣು ಹಾಕತೊಡಗಿದರು. ನೀರು ಕೇಳಲು ಹೋಗಿ ನಾನು “ಕುದರಿ” ಅಂದರೆ ಧೀರಜ “ಹೌದಪ್ಪಾ, ಹೌದು” ಅಂತಿದ್ದ. ಧನ್ಯಕುಮಾರ ಬಂದು ಕುಳಿತು, ಏನೂ ತಿಳಿಯದೆ, “ಬರೋಬರಿ ಐತಿ, ಬರೋಬರಿ ಐತಿ” ಅನ್ನುತ್ತಿದ್ದ. ನನಗೆ ನೋವಾಗಬಾರದೆಂದು ಹಾಗೆ ಮಾಡುತ್ತಿದ್ದರು, ನನಗದು ತಿಳಿಯುತ್ತಿತ್ತು. ಆದರೆ ನನ್ನ ಮಾತನ್ನು ನೆಲಕ್ಕೆ ಬೀಳಿಸಿ ಮೇಲೆ ಗೋಣು ಹಾಕುವುದು ಎಂಥ ಕತ್ತಲೆ ಅನ್ನುವುದನ್ನು ಹೇಗೆ ಹೇಳಲಿ? ನೀನೊಬ್ಬಳು ಮಾತ್ರ ಎದುರಿಗೆ ಕುಳಿತು, “ತಿಳೀಲಿಲ್ಲರಿ, ಇನ್ನೊಮ್ಮೆ” ಅಂತಿದ್ದೆ. ನಾನು ಸಿಟ್ಟಾದೆ, ತಟ್ಟೆ ನೂಕಿದೆ, ಒಂದು ಸಲ ಅತ್ತೂ ಬಿಟ್ಟೆ. ನೀನು ಏಳಲಿಲ್ಲ. “ಕುದರಿ ಅಲ್ರಿ. ಕುಡಿಯೂದೋ, ತಿನ್ನೂದೋ?” ಅಂತ ಕೇಳುತ್ತ, ನೀರು ಅನ್ನುವ ಶಬ್ದ ನನ್ನ ಬಾಯಿಂದಲೇ ಬರುವ ತನಕ ಕಾಯುತ್ತಿದ್ದೆ. ಹೀಗೆ ಒಂದೊಂದಾಗಿ ಮಾತು ತಿರುಗಿ ಬಂದವು.

ನೀನು ತವರಿಗೆ ಹೋಗುವ ದಿನ ಗೊತ್ತಾದಾಗಿನಿಂದ ನನಗೆ ನಿದ್ದೆ ಸರಿಯಿಲ್ಲ. ಈಕೆ ಹೋದ ಮೇಲೆ ಈ ಮನೆಯಲ್ಲಿ ಗೋಣುಗಳೇ ಉಳಿಯುತ್ತವೆ, ಬಂದಷ್ಟು ಮಾತೂ ಮತ್ತೆ ಮುಳುಗುತ್ತವೆ ಅನ್ನುವ ಹೆದರಿಕೆ. ಇನ್ನೂ ಕೆಲವು ದಿನ ಇರು ಅಂತ ಕೇಳಲೇ ಅಂತಲೂ ಯೋಚಿಸಿದೆ. ಚೊಚ್ಚಲ ಬಸುರಿಯನ್ನು ಹಾಗೆ ಹಿಡಿದು ನಿಲ್ಲಿಸುವುದು ಹೇಗೆ?

ಹೋದ ವಾರ ನೀನೂ ಧೀರಜನೂ ತಪಾಸಣೆಗೆ ಸಾಂಗ್ಲಿಗೆ ಹೋಗಿದ್ದಿರಿ. ಮನೆಯಲ್ಲಿ ನಾನು, ತುಳಸವ್ವ ಇಬ್ಬರೇ. ಅವಳನ್ನು ಒಂದು ಸಾಮಾನು ಕೇಳಿದೆ. ಅವಳು ಎಂದಿನಂತೆ “ಹೂಂ” ಅಂದು ನೀರು ತಂದಳು. ಅಲ್ಲ ಅಂದೆ. ಗುಳಿಗೆ ತಂದಳು. ಅದೂ ಅಲ್ಲ. ಚಾದರ ತಂದಳು. ನಾನು ಗೋಡೆ ಗುದ್ದಿದೆ. ಅವಳು ಚಾದರ ಹಿಡಿದುಕೊಂಡೇ ನೆಲಕ್ಕೆ ಕುಸಿದು ಅಳತೊಡಗಿದಳು. “ನನಗೇನೂ ತಿಳೀವಲ್ದು ನೋಡ್ರಿ! ದವಾಖಾನಿಯಿಂದ ಬಂದಾಗಿಂದ ನಿಮ್ಮ ಒಂದ್ ಮಾತೂ ತಿಳಿದಿಲ್ಲ. ಹೂಂ ಹೂಂ ಅಂತ ಸಾಕಾಗೇತಿ. ಏನ್ ಬೇಕು, ತಿಳಿಯೂವಂಗ ಹೇಳ್ರಿ!”

ಎಷ್ಟು ವರ್ಷದ ಸಂಸಾರ ನಮ್ಮದು. ಅವಳ ಆ ಮಾತು ಕೇಳಿ ನನ್ನ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಇಬ್ಬರೂ ಎದುರುಬದುರು ಕುಳಿತೆವು. ತಿನ್ನೂದೇನ್ರಿ? ಅಲ್ಲ. ಉಡೂದೇನ್ರಿ? ಅಲ್ಲ, ಆದರೆ ಹತ್ತಿರ ಬಂದಿದ್ದಳು. ಹಿತ್ತಲ ಬಿಸಿಲು ಗೋಡೆ ಏರುವ ತನಕ ಕುಳಿತೆವು. ಕಡೆಗೆ ಬಂತು: “ಸೂಜಿ.” ತುಳಸವ್ವ ಕಣ್ಣೊರೆಸಿಕೊಂಡು ಎದ್ದು ಸೂಜಿ ತಂದಳು. ದಾರ ಪೋಣಿಸಿಯೂ ಕೊಟ್ಟಳು.

ಅಂದಿನಿಂದ ನೀನು ಮಲಗಿದ ಮಧ್ಯಾಹ್ನಗಳಲ್ಲಿ ಹೊಲಿದದ್ದು ಈ ಕಾಗದದ ಜೊತೆಗಿದೆ. ನಾಳೆ ನೀನು ನಿಶ್ಚಿಂತೆಯಿಂದ ಹೋಗು, ನನ್ನನ್ನು ನೆನೆದು ಹಿಂದೆ ನೋಡಬೇಡ. ಸುಖವಾಗಿ ಹಡೆ. ತಾಯಿಗೂ ಕೂಸಿಗೂ ಆಯುಷ್ಯ, ಆರೋಗ್ಯ ತುಂಬಿ ಬರಲಿ. ನಾನು ಹೊಲಿದದ್ದು ಕೂಸಿನ ತಲೆ, ಬೆನ್ನು ಮುಚ್ಚುವ ಒಂದು ಕುಂಚಿಗೆ. ಬಲಗೈ ಬಟ್ಟೆ ಹಿಡಿಯಿತು, ಎಡಗೈ ಹೊಲಿಯಿತು, ಹೊಲಿಗೆ ಸೊಟ್ಟಗಿದೆ. ನೋಡಿದವರು ಇದು ಟೇಲರನ ಕೆಲಸವೇ ಅಂದಾರು, ಅನ್ನಲಿ. ಒಳಮಗ್ಗುಲಲ್ಲಿ ಒಂದು ಗಂಟೂ ಇಲ್ಲ. ನನ್ನ ಕೆನ್ನೆಗೆ ಒತ್ತಿ ನೋಡಿದ್ದೇನೆ, ಎಲ್ಲೂ ಚುಚ್ಚುವುದಿಲ್ಲ.

ನಿನ್ನ ಮಾವ,
ಭರಮಣ್ಣ