ಗಾಳಿಯಲ್ಲಿ ಬಂದ ಮೊದಲ ಪುಟ

೯ ಮಾರ್ಚ್, ಭಾನುವಾರ ಬೆಳಿಗ್ಗೆ

ಮುದ್ದು ತಂಗಿಗೆ ಅಕ್ಕನ ಅಕ್ಕರೆಯ ನೆನಪುಗಳು.

ನಿನ್ನ ಕಾಗದ ಬಂದು ಎರಡು ತಿಂಗಳಾಯಿತು. ಉತ್ತರಿಸಲು ಇಷ್ಟು ತಡವಾದದ್ದಕ್ಕೆ ಕ್ಷಮಿಸಿಬಿಡು. ಮುನಿಸಿದ್ದರೆ ಅದನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಟ್ಟು ಓದು.

ನಾನು ಹವ್ಯಾಸಕ್ಕೆಂದು ಏಳು ವರ್ಷದಿಂದ ಕಟ್ಟುತ್ತಿರುವ ಆಪರೇಟಿಂಗ್ ಸಿಸ್ಟಂ ನಿನ್ನೆ ತಂತಿಯಿಲ್ಲದೆ ಇಂಟರ್ನೆಟ್ ಮುಟ್ಟಿತು. ಕೀಲಿಮಣೆ, ಡಿಸ್ಕ್ ಎಲ್ಲ ಹೇಗೋ ಪಳಗಿದ್ದವು. ವೈಫೈ ಚಿಪ್ ಮಾತ್ರ ಹಟಮಾರಿ. ಅದರೊಳಗೆ ಅದರದೇ ಇನ್ನೊಂದು ಪ್ರೋಗ್ರಾಂ ಓಡುತ್ತಿರುತ್ತದೆ. ಅದು ಏನು ಕೇಳುತ್ತದೆ, ಯಾವುದಕ್ಕೆ ಮುನಿಯುತ್ತದೆ ಎಂದು ತಿಳಿಸುವ ಕೈಪಿಡಿ ಹೊರಗಿನವರಿಗೆ ಸಿಗುವುದಿಲ್ಲ. ತಯಾರಿಸಿದವರಿಗೆ ಮೂರು ಸಲ ಬರೆದೆ. "ನಿಮ್ಮದು ಯಾವ ಕಂಪನಿ?" ಎಂದು ಒಂದೇ ಸಾಲು ಬಂತು. ಅಡುಗೆಮನೆಯ ಮೇಜು ಎಂದು ಬರೆಯೋಣ ಅನ್ನಿಸಿತು.

ನಿನ್ನ ಭಾವ, "ಗಾಳಿ ಗುದ್ದಿ ಮೈ ನೋಯಿಸ್ಕೊಳ್ಳೋದು ಅಂತಾರಲ್ಲ, ಈಗ ಕಣ್ಣಾರೆ ನೋಡ್ತಿದೀನಿ" ಎಂದು ನಗುತ್ತಿದ್ದರು. ಆದರೆ ನಿನ್ನೆ ನಾನು ಬೇಸತ್ತು ಕೈಚೆಲ್ಲಿದಾಗ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತರು.

"ನಿನ್ನ ಚಿಪ್ಪು ಆ ರೂಟರ್ ಜೊತೆ ಏನ್ ಮಾತಾಡತ್ತೆ, ನಂಗೂ ಸ್ವಲ್ಪ ಬಿಡಿಸಿ ಹೇಳು."

ರೂಟರ್ ಚಿಪ್ಪನ್ನು ಸೇರಿಸಿಕೊಳ್ಳುವ ಮೊದಲು ಅವೆರಡರ ನಡುವೆ ನಾಲ್ಕು ಸಂದೇಶ ಓಡಾಡುತ್ತವೆ, ಆಮೇಲೆ ಮಾತಿಗೆಲ್ಲ ಬೀಗ, ಎಂದೆ.

"ಬೀಗ ಯಾವಾಗ ಹಾಕ್ತೀಯ?"

"ಮೂರನೇದು ಬಂದ ಕೂಡ್ಲೆ."

"ಮತ್ತೆ ನಾಲ್ಕನೇದು ಹೊರಗೆ ಹೋಗೋದು ಹೇಗೆ?"

ಕೋಡ್ ತೆರೆದು ನೋಡಿದೆ, ರೂಟರ್‌ಗೆ ಹೋಗಬೇಕಾದ ನಾಲ್ಕನೆಯದಕ್ಕೂ ಬೀಗ ಬೀಳುತ್ತಿತ್ತು. ಐದು ತಿಂಗಳು ಹುಡುಕಿದ ತಪ್ಪು ಅಷ್ಟೇ. ಎರಡು ಸಾಲು ಅದಲುಬದಲು ಮಾಡಿದೆ. ನನ್ನ ಸಿಸ್ಟಂಗೆಂದು ಹಿಂದೆ ನೀನು ಬರೆದುಕೊಟ್ಟಿದ್ದ ದುಂಡು ಅಕ್ಷರಗಳಲ್ಲೇ ಒಂದು ಪುಟ ನಿಧಾನವಾಗಿ ತೆರೆದುಕೊಂಡಿತು. ನಿಮ್ಮೂರಿನ ಹವಾಮಾನ, ಮೋಡ ಕವಿದಿತ್ತಂತೆ. ನಿನ್ನ ಭಾವ ಅದನ್ನು ಗಟ್ಟಿಯಾಗಿ ಎರಡು ಸಲ ಓದಿದರು.

ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಯಜಮಾನರಿಗೂ ನನ್ನ ನೆನಪು ಹೇಳು. ನಿಮ್ಮಿಬ್ಬರ ಬಾಳು ತಣ್ಣಗಿರಲಿ.

ನಿನ್ನ
ಅಕ್ಕ

ತಾ.ಕ.: ನೀನು ಮಗುವನ್ನು ಕಳೆದುಕೊಂಡು ಆಸ್ಪತ್ರೆಯಲ್ಲಿದ್ದಾಗ, "ಭಾನುವಾರ ಬರ್ತೀನಿ" ಅಂದಿದ್ದೆ. ಬರಲಿಲ್ಲ. ಕೆಲಸ ಅರ್ಧಕ್ಕೆ ನಿಂತಿದೆ ಅಂದೆ. ಅದು ನಿಜ, ಆದರೆ ಕಾರಣ ಅದಲ್ಲ. ನಿನ್ನ ಮುಖ ನೋಡುವ ಧೈರ್ಯ ಸಾಲದೆ ಕಂಪ್ಯೂಟರಿನ ಹಿಂದೆ ಅವಿತು ಕೂತಿದ್ದೆ. ನಿನ್ನ ಕಾಗದದಲ್ಲಿ ಆ ಬಗ್ಗೆ ಒಂದು ಮಾತೂ ಇಲ್ಲ. ಗುರುವಾರದ ಬಸ್ಸಿಗೆ ಹೊರಡುತ್ತಿದ್ದೇನೆ. ನೀನು ಬಾಗಿಲು ತೆಗೆಯದಿದ್ದರೆ ಮೆಟ್ಟಿಲ ಮೇಲೆ ಕೂತಿರುತ್ತೇನೆ.