ನವರಂಗ ಮತ್ತು ಅತ್ತೆಯವರ ಮೌನ

೨೭ ಮೇ ೧೯೮೮, ಆಳಂದ

ಚಪಾತಿ ಹಿಟ್ಟು ನಾದಿಟ್ಟು ಬರೆಯುತ್ತಿದ್ದೇನೆ. ಟೂರಿಗೆ ಹೆಸರು ಕೊಟ್ಟಾಯಿತು. ಗುಲ್ಬರ್ಗಾದ ಪ್ರೊಫೆಸರ್ ಜಗದೇವಪ್ಪನವರು ಕರೆದೊಯ್ಯುತ್ತಾರೆ. ಘತ್ತರಗಿಯ ಹತ್ತಿರ, ಭೀಮಾ ದಂಡೆಯ ಕುರುಚಲು ಕಾಡಿನಲ್ಲಿ ಎರಡು ಬೆಳಗು — ನವರಂಗ ಹಕ್ಕಿಗಾಗಿ. ಮಳೆಗೆ ಮುಂಚೆ ಇಲ್ಲಿ ಸ್ವಲ್ಪ ತಂಗಿ ಮುಂದೆ ಹೋಗಿಬಿಡುತ್ತದೆ. ಪ್ರತಿ ವರ್ಷ ಹಿತ್ತಲಾಚೆ ಅದರ ಸಿಳ್ಳೆ ಕೇಳಿದ್ದೇನೆ. ಕಂಡಿಲ್ಲ.

ಮದುವೆಯಾದ ಮೇಲೆ ನನಗಾಗಿ ಕೇಳಿದ್ದು ಇದೊಂದೇ. ಸ್ವಾರ್ಥವೇ? ಇರಲಿ.

ಅತ್ತೆಯವರೂ ಬರುತ್ತಾರಂತೆ. ಅಲ್ಲಿನ ಭಾಗ್ಯವಂತಿ ದೇವಿಯ ದರ್ಶನವೂ ಆಯಿತು ಅಂದರು.

೪ ಜೂನ್, ಘತ್ತರಗಿ, ಮಧ್ಯಾಹ್ನ

ಅಧಿಕ ಮಾಸ. ಅತ್ತೆಯವರಿಗೆ ಎದ್ದಾಗಿನಿಂದ ಪೂಜೆ ಮುಗಿಯುವವರೆಗೆ ಮೌನವ್ರತ. ಮುಂಜಾನೆ ಪೊದೆಯ ಮುಂದೆ ಕಲ್ಲಿನಂತೆ ಕೂತರು. ನಾನೇ ಪಿಸುಗುಡುತ್ತಿದ್ದೆ. ಜಗದೇವಪ್ಪನವರು ಹೇಳಿಯೇಬಿಟ್ಟರು: "ನಿಮ್ಮ ಅತ್ತಿಯವ್ರನ್ನ ನೋಡಿ ಕಲೀರಿ ಮೇಡಂ. ನೀವು ಆಳಂದ ಬಿಟ್ಟಾಗಿಂದ ಬಾಯಿ ಮುಚ್ಚಿಲ್ಲ."

ಆಮೇಲೆ ಅತ್ತೆಯವರು ನನ್ನ ಸೆರಗು ಜಗ್ಗಿದರು. ಮತ್ತೆ ಜಗ್ಗಿದರು. ಅವಸರವಾಗಿರಬೇಕು ಎಂದುಕೊಂಡು ಕೈಹಿಡಿದು ದೂರದ ಜಾಲಿಗಿಡಗಳ ಹಿಂದೆ ಕರೆದೊಯ್ದೆ. ಅವರು ಹಣೆ ಹಣೆ ಬಡಿದುಕೊಂಡರು.

ವಾಪಸು ಬಂದರೆ ಎಲ್ಲರ ಮುಖದಲ್ಲೂ ನಗೆ. ಹಕ್ಕಿ ಬಂದು ಹೋಗಿತ್ತು.

ಪೂಜೆ ಮುಗಿಸಿ ಅತ್ತೆಯವರು ಬಾಯಿಬಿಟ್ಟರು. "ಹಕ್ಕಿ ತೋರಸ್ಲಿಕ್ಕೆ ಸೀರಿ ಜಗ್ಗಿದ್ರ, ಎಲ್ಲಿಗೆ ಕರಕೊಂಡ್ ಹೋದಿಬೇ ನನ್ನ?"

ನಕ್ಕೆವು, ಹೊಟ್ಟೆ ನೋಯುವಷ್ಟು. ಆಮೇಲೆ ಒಬ್ಬಳೇ ಕೂತಾಗ ಸಿಟ್ಟು ಬಂತು. ಒಂದು ಮಾತು ಆಡಿದ್ದರೆ ಏನಾಗುತ್ತಿತ್ತು? ಹಾಗೆ ಕೇಳುವ ಹಕ್ಕು ನನಗಿದೆಯೇ — ಅವರ ವ್ರತ, ನನ್ನ ಹಕ್ಕಿ. ನಾಳೆ ಕೊನೆಯ ಬೆಳಗು.

೫ ಜೂನ್, ಸಂಜೆ

ಬಿಸಿಲೇರುವವರೆಗೆ ಕಾದೆವು. ಏನೂ ಇಲ್ಲ. ಉಳಿದವರು ಜೀಪಿನ ಕಡೆ ನಡೆದರು. ನಾನೂ ಏಳಲು ನೆಲಕ್ಕೆ ಕೈ ಊರಿದೆ.

"ಪ್ರಮಿಲಾ, ಏಳಬ್ಯಾಡ. ನಿನ್ನ ಎಡಕ್ಕ ನೋಡು."

ಅತ್ತೆಯವರ ದನಿ. ಪೂಜೆ ಇನ್ನೂ ಆಗಿರಲಿಲ್ಲ.

ಒಣಗಿದ ಎಲೆಗಳ ಮೇಲೆ ಕುಪ್ಪಳಿಸುತ್ತ ಬಂತು. ಹಸಿರು ಬೆನ್ನು, ಕಣ್ಣಿಗೆ ಕಪ್ಪು ಪಟ್ಟಿ, ಬಾಲದಡಿ ಕುಂಕುಮ. ಎಲೆ ಮಗುಚಿ ಹುಳ ಹೆಕ್ಕಿತು. ಯಾವ ಅವಸರವೂ ಇಲ್ಲ. ನಾನು ಉಸಿರಾಡಿದೆನೋ ಇಲ್ಲವೋ...

ವ್ರತ ಕೆಟ್ಟಿತಲ್ಲ ಅಂದೆ. ಕಣ್ಣು ತುಂಬಿತ್ತು.

"ಅಧಿಕ ಮಾಸ ಮತ್ತ ಬರ್ತದ," ಅಂದರು. "ಮಾತಾಡಿದ್ದು ಆಗೇ ಹೋತು, ಇನ್ನ ಸುಮ್ನ್ಯಾಕ ಕೂಡ್ಲಿ?"

ಸುಮ್ಮನೆ ಕೂತಿಲ್ಲ. ಜೀಪಿನ ತುಂಬ ಅದೇ ಮಾತು. ಈಗ ಘತ್ತರಗಿಯ ಛತ್ರದಲ್ಲಿ ಪಕ್ಕದ ಕೋಣೆಯ ಯಾತ್ರಿಕರಿಗೆ ಹೇಳುತ್ತಿದ್ದಾರೆ. ಅವರ ಬಾಯಲ್ಲಿ ಹಕ್ಕಿ ಆಗಲೇ ನವಿಲಿನಷ್ಟಾಗಿದೆ. ಹೋಗಿ ತಿದ್ದಲೇ? ಬೇಡ... ನನ್ನನ್ನೇ ಸಾಕ್ಷಿಗೆ ಕರೆಯುತ್ತಿದ್ದಾರೆ.